ಕೋಳಿಯ ಹತ್ತು ಸುತ್ತು

ಬರಾಂಕಿಯಾ,
29 ಏಪ್ರಿಲ್ 1984, ಭಾನುವಾರ

ಪ್ರೀತಿಯ ತಂಗಿ ಎನೈದಾಗೆ, ಅಣ್ಣ ಉಬಾಲ್ಡೊನ ಆಶೀರ್ವಾದಗಳು.

ನೀನು ಕಾರ್ತಹೇನಾಕ್ಕೆ ಮರಳಿ ನಲವತ್ತು ದಿನವಾಯಿತು, ಅಣ್ಣ ಒಂದು ಸಾಲೂ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬರೆಯಬೇಕೆಂದು ಕಾಗದ ತೆಗೆದಿಟ್ಟಾಗಲೆಲ್ಲ ಯಾರೋ ಅದರ ಮೇಲೆ ಬೆಸುಗೆ ಕಡ್ಡಿ ಇಟ್ಟು ಸುಟ್ಟುಬಿಡುತ್ತಾರೆ. ಈ ಮನೆಯಲ್ಲಿರುವುದು ನಾನೊಬ್ಬನೇ, ಆದ್ದರಿಂದ ಆ ಯಾರೋ ಯಾರೆಂದು ನಿನಗೆ ಗೊತ್ತು. ನಿನ್ನ ಅತ್ತೆಯವರ ಸೊಂಟನೋವು ಹೇಗಿದೆ? ನಿನ್ನ ಗಂಡನಿಗೆ ಬಂದರಿನಲ್ಲಿ ಹಗಲು ಪಾಳಿ ಸಿಕ್ಕಿತೇ? ಇಲ್ಲಿ ಗಾಳಿ ನಿಂತುಹೋಗಿದೆ, ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕೂತರೆ ಮೇಣ ತಾನಾಗಿಯೇ ಕರಗುತ್ತದೆ. ಸ್ಪೀಕರಿನ ತಂತಿ ಕಾಯಿಲ್‌ಗೆ ಮೇಣ ಹಾಕಲು ಒಲೆ ಹಚ್ಚುವ ಕೆಲಸವೇ ಇಲ್ಲ.

ನಮ್ಮ ಪಿಕೋ 'ಒಂಟಿಗಣ್ಣ ಹುಂಜ' ಚೆನ್ನಾಗಿದೆ. ಆಳೆತ್ತರದ ಹಾಡಿನ ಪೆಟ್ಟಿಗೆಯ ಮೇಲೆ ಬರೆಸಿದ ಹುಂಜದ ಬಣ್ಣ ಕೊಕ್ಕಿನ ಹತ್ತಿರ ಎದ್ದಿದೆ, ಬಿಟ್ಟರೆ ಸ್ಪೀಕರ್‌ಗಳೆಲ್ಲ ಸರಿಯಾಗಿವೆ. ಮೊನ್ನೆ ಒಂದು ಮದುವೆಗೆ ಕರೆದಿದ್ದರು. ಮದುಮಗಳ ಅಜ್ಜಿ ಪೆಟ್ಟಿಗೆಗೆ ಬೆನ್ನು ಒರಗಿಸಿ ನಿಂತು, "ಈ ದಪ್ಪ ದನಿಗೆ ನನ್ನ ವಾಯು ಎಲ್ಲಾ ಇಳಿದೋಯ್ತು ಕಣಪ್ಪಾ" ಅಂದಳು. ನೀನಿದ್ದಿದ್ದರೆ ನಗುತ್ತಿದ್ದೆ.

ಆದರೆ ಕುಣಿಯುವವರ ಕಾಲು ನೋಡುತ್ತ ನಿಲ್ಲುವ ಖುಷಿ ನನಗೆ ಈಗ ಇಲ್ಲ. ಸಂತ ಜೋಸೆಫರ ಹಬ್ಬದ ಆ ಸಂಜೆಯಿಂದಲೇ ಅದು ಹೋಯಿತು. ಕಾರ್ತಹೇನಾದ ನಿಮ್ಮ ಬೀದಿಯ ವಿಲ್ಮರ್ ತನ್ನ ಪಿಕೋ 'ಕರಿಸಿಡಿಲ'ನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ನಮ್ಮ ಬೀದಿಯ ಆ ತುದಿಯಲ್ಲಿ, ಹುಂಜಕ್ಕೆ ಎದುರಾಗಿ ನಿಲ್ಲಿಸಿದ. ಮೊದಲೆಲ್ಲ ಆ ಪೆಟ್ಟಿಗೆಯ ದನಿ ಡಬ್ಬ ಬಡಿದ ಹಾಗಿರುತ್ತಿತ್ತು. ಆ ಸಂಜೆ ಮೊದಲ ಹಾಡಿನ ತಟ್ಟೆ ಹಾಕಿದಾಗ ನನ್ನ ಎದೆಗೂಡು ನಡುಗಿತು. ಅದು ನಮ್ಮ ಹುಂಜದ ಗಂಟಲು, ಎನೈದಾ. ಜನ ಅತ್ತ ಓಡಿದರು. ನಾನೂ ನಡೆದುಹೋಗಿ, ಗುಂಪಿನ ನಡುವೆ ಮೂರು ಹಾಡು ಕೇಳಿ ಬಂದೆ.

ಆ ಗಂಟಲು ನಮಗೆ ಹೇಗೆ ಬಂತೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ದಪ್ಪ ದನಿಯ ಕಾಯಿಲ್‌ಗೆ ನಾನು ತಂತಿ ಸುತ್ತುವುದು, ನೀನು ಸುತ್ತು ಎಣಿಸುವುದು. ಹತ್ತು ಸುತ್ತಿಗೆ ಒಂದು ತೊಗರಿಕಾಳು ತಟ್ಟೆಗೆ ಬೀಳಬೇಕು, ಇಪ್ಪತ್ತನಾಲ್ಕು ಕಾಳಾದರೆ ಮುಗಿಯಿತು. ಆ ದಿನ ಪಕ್ಕದ ಮನೆಯ ಕೋಳಿ ನುಗ್ಗಿ ತಟ್ಟೆಯಿಂದ ಒಂದು ಕಾಳು ಹೆಕ್ಕಿಕೊಂಡಿದ್ದನ್ನು ನಾವಿಬ್ಬರೂ ನೋಡಲಿಲ್ಲ. ಹತ್ತು ಸುತ್ತು ಹೆಚ್ಚಾಯಿತು. ಹುಂಜದ ದಪ್ಪ ದನಿ ಗಂಟಲು ಬಿಟ್ಟು ಹೊಟ್ಟೆಯಿಂದ ಬಂದಾಗ ಮತ್ತೆ ಬಿಚ್ಚಿ ಎಣಿಸಿ, ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ಕೋಳಿಯ ಹತ್ತು ಎಂದು ಹೆಸರಿಟ್ಟವಳು ನೀನೇ. ಪೆಟ್ಟಿಗೆಗೆ ಹುಂಜದ ಚಿತ್ರ ಯಾಕೆ ಎಂದು ಹದಿನೇಳು ವರ್ಷದಿಂದ ಜನ ಕೇಳುತ್ತಿದ್ದಾರೆ, ನಾವು ಯಾರಿಗೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಚೆಮಾ ಬಂದಿದ್ದು ನಿನಗೆ ನೆನಪಿರಬೇಕು. ಮೊಟ್ಟೆ ತುಂಬಿದ ಜೋಳದ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದ, ನೀನು ಬಂದಿದ್ದೀಯ ಎಂದು ಮೂರು ಹೆಚ್ಚಿಗೆ ತಂದಿದ್ದ. ಮೂವತ್ತೊಂದು ವರ್ಷದಿಂದ ನಮ್ಮ ಪೆಟ್ಟಿಗೆಗಳ ಬಡಗಿ. ಪೆಟ್ಟಿಗೆಯ ಹಿಂಬದಿ ಬಿಚ್ಚುವವನು ನನ್ನನ್ನು ಬಿಟ್ಟರೆ ಅವನೊಬ್ಬನೇ. ನನ್ನ ತಲೆ ಅಷ್ಟಕ್ಕೇ ನಿಂತುಬಿಟ್ಟಿತ್ತು.

"ತಿನ್ನಿಸೋಕೆ ಬಂದ್ಯಾ, ಇಲ್ಲ ಮಿಕ್ಕಿದ್ದನ್ನೂ ಕದಿಯೋಕೆ ಬಂದ್ಯಾ?" ಅಂದೆ.

ಅವನು ತಮಾಷೆ ಅಂದುಕೊಂಡ. "ಯಾಕೋ, ಹುಂಜ ಬೆಳಿಗ್ಗೆ ಬೆಳಿಗ್ಗೇನೇ ಕುಕ್ತಾ ಇದೆ?"

"ವಿಲ್ಮರ್‌ಗೆ ಕೋಳಿಯ ಹತ್ತು ಕೊಟ್ಟೋನು ನೀನೇ. ಕಳ್ಳ."

"ಯಾವ ಕೋಳೀನೋ ಮಾರಾಯ? ಏನ್ ಹತ್ತು?"

ಅದು ನಾಟಕ ಎಂದೆ. ಅವನ ತಾಯಿಯ ಹೆಸರನ್ನೂ ಎಳೆದೆ, ಬರೆಯಲು ನಾಚಿಕೆಯಾಗುತ್ತದೆ. ಅವನು ಕಾಫಿ ಕುಡಿಯದೆ ಎದ್ದ. ಮೂವತ್ತೊಂದು ವರ್ಷ ನಮ್ಮ ಗೋಡೆಯ ಮೊಳೆಗೆ ತೂಗುತ್ತಿದ್ದ ತನ್ನ ಕೀಸುಳಿಯನ್ನು ತೆಗೆದುಕೊಂಡು ಹೋದ. ಆ ಮೊಳೆ ಈಗಲೂ ಹಾಗೇ ಇದೆ.

ಈಸ್ಟರ್ ಹಬ್ಬಕ್ಕೆ ಕರಿಸಿಡಿಲು ಮತ್ತೆ ಬಂತು. ದಾರಿಯಲ್ಲಿ ಲಾರಿ ಕುಲುಕಿ ಪೆಟ್ಟಿಗೆಯ ಹಿಂಬದಿಯ ಹಲಗೆ ಸೀಳಿತ್ತು. ವಿಲ್ಮರ್ ಕರೆಸಿದ್ದು ಚೆಮಾನನ್ನೇ, ಈ ಊರಿನಲ್ಲಿ ಬೇರೆ ಯಾರಿದ್ದಾರೆ? ಚೆಮಾ ಹಲಗೆ ಬಿಚ್ಚಿ, ಒಳಗಿನ ಕಾಯಿಲ್ ಕಿತ್ತು, ಅಂಗಿಯೊಳಗೆ ಇಟ್ಟುಕೊಂಡು ನೇರ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸಿಲ ಆಚೆ ನಿಂತ.

"ಎಣಿಸು" ಅಂದ. "ನಾನು ಮರ ಕೊಯ್ಯೋನು, ನನಗಿದು ತಂತಿ ಉಂಡೆ ಅಷ್ಟೇ. ನಿನ್ನ ಕಾಳು ತೆಗ್ದು ಎಣಿಸು. ಸಾಯಂಕಾಲದೊಳಗೆ ವಾಪಸ್ ಇಡ್ಬೇಕು."

ಎಣಿಸುವವಳು ಇಲ್ಲದೆ ನಾನೇ ಬಿಚ್ಚಿದೆ, ನಾನೇ ಕಾಳು ಹಾಕಿದೆ. ಇಪ್ಪತ್ತೈದು ಕಾಳು. ಬಿಚ್ಚಿ ಮುಗಿಸುವ ಹೊತ್ತಿಗೆ ಇದು ಚೆಮಾನ ಕೆಲಸವಲ್ಲ ಎಂಬುದೂ ಗೊತ್ತಾಗಿತ್ತು. ಹೇಗೆಂದು ಆಮೇಲೆ ಬರೆಯುತ್ತೇನೆ.

"ಆ ಕೋಳಿ ಕಥೆ ಇವತ್ತಾದ್ರೂ ಹೇಳ್ತೀಯಾ?" ಎಂದು ಕೇಳಿದ. ಹೇಳಿದೆ. ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಅಂದ್ರೆ ಗೊತ್ತಿದ್ದೋರು ಇಬ್ರೇ" ಅಂದ.

"ಮೂರು ಜನ. ಕೋಳಿ ಸತ್ತೋಯ್ತು" ಅಂದೆ.

ಅವನು ಯಾರ ಹೆಸರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸು ಎಂದು ಕೈ ಹಿಡಿದೆ. ಕೈ ಬಿಡಿಸಿಕೊಳ್ಳಲಿಲ್ಲ. "ಕ್ಷಮಿಸ್ದೆ ಕಣೋ. ಆದ್ರೆ ಕೀಸುಳಿ ಇನ್ನು ನಮ್ಮನೇಲೇ ಇರುತ್ತೆ" ಅಂದ. ಈಗ ಬೀದಿಯಲ್ಲಿ ಸಿಕ್ಕರೆ ಟೋಪಿ ಎತ್ತುತ್ತಾನೆ, ಗುಮಾಸ್ತರಿಗೆ ಎತ್ತುವ ಹಾಗೆ.

ಆ ಕಾಯಿಲನ್ನು ಅಂದೇ ಮತ್ತೆ ಸುತ್ತಿ, ಮೇಣ ಹಾಕಿ, ಕಳಿಸಿಕೊಟ್ಟೆ. ಹತ್ತು ಸುತ್ತು ತೆಗೆದುಬಿಡೋಣ, ಕರಿಸಿಡಿಲು ಮತ್ತೆ ಡಬ್ಬ ಬಡಿಯಲಿ ಎಂದು ಮನಸ್ಸಾಗಿತ್ತು. ಕೈ ಬರಲಿಲ್ಲ. ಇನ್ನೂರೈವತ್ತೂ ಸುತ್ತಿದೆ.

ಇನ್ನೇನು ಬರೆಯಲಿ? ಅತ್ತೆಯವರ ಸೊಂಟಕ್ಕೆ ಕರ್ಪೂರದೆಣ್ಣೆ ಹಚ್ಚು. ಹೊತ್ತಿಗೆ ಸರಿಯಾಗಿ ಊಟ ಮಾಡು, ನೀನು ಬಂದಾಗ ತೀರ ಸೊರಗಿದ್ದೆ. ನಮ್ಮಮ್ಮ ನಿನ್ನನ್ನು ನನ್ನ ಕೈಗೆ ಕೊಟ್ಟು ಹೋದ ದಿನ ನಿನಗೆ ಏನು ಹರಸಿದಳೋ, ಅದನ್ನೇ ನಾನೂ ಹರಸುತ್ತೇನೆ. ದೇವಮಾತೆಯ ಕಣ್ಣು ನಿನ್ನ ಮನೆಯ ಮೇಲಿರಲಿ.

ನಿನ್ನ ಅಣ್ಣ,
ಉಬಾಲ್ಡೊ

ತಾ.ಕ.: ತಂತಿ ಸುತ್ತುವ ಉರುಳೆ, ಆ ಬೊಬಿನ್‌ನ ತೂತನ್ನು ಎಡಕ್ಕೆ ಹಿಡಿದು ಬಿಚ್ಚಿದರೆ ನಾನು ಸುತ್ತಿದ ಕಾಯಿಲ್ ನನ್ನ ಕಡೆಗೆ ಉರುಳುತ್ತದೆ. ವಿಲ್ಮರ್‌ನದು ಆಚೆಗೆ ಉರುಳಿತು. ಅದು ಎಡಗೈಯವರು ಸುತ್ತಿದ್ದು, ಎನೈದಾ. ಕೋಳಿಯ ಹತ್ತು ಗೊತ್ತಿರುವ ಎಡಗೈ ಈ ಭೂಮಿಯ ಮೇಲೆ ಒಂದೇ ಇದೆ. ಎಡಗೈಯಲ್ಲಿ ಸುತ್ತಿದರೆ ದನಿ ಕೆಡುತ್ತದೆ ಎಂದು ನಿನ್ನನ್ನು ಇಷ್ಟು ವರ್ಷ ಕಾಳು ಎಣಿಸಲು ಕೂರಿಸಿದೆನಲ್ಲ, ಅದು ಸುಳ್ಳು. ಯಾವ ಕಡೆಗೆ ಸುತ್ತಿದರೂ ದನಿ ಒಂದೇ. ನನ್ನ ಜಾಗ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ನೀನು ಕೇಳಿದ್ದೆ, ನಾನು ಕೊಡಲಿಲ್ಲ. ಆದ್ದರಿಂದ ಸುತ್ತಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮ ಗುಟ್ಟನ್ನು ಅವನ ಪೆಟ್ಟಿಗೆಗೆ ಕೊಟ್ಟಿದ್ದಕ್ಕೆ ಸಿಟ್ಟಿದೆ, ಅದೂ ಒಂದು ದಿನ ಇಳಿಯುತ್ತದೆ. ಇಳಿಯದೇ ಇರುವುದು ಬೇರೆ. ನಾನು ಚೆಮಾನನ್ನು ಕಳ್ಳ ಎಂದಾಗ ನೀನು ಅಲ್ಲೇ, ಒಲೆಯ ಪಕ್ಕದಲ್ಲಿ, ಕಾಫಿ ಪಾತ್ರೆ ಹಿಡಿದು ನಿಂತಿದ್ದೆ. ನೀನು ಅವನ ಕಡೆ ತಿರುಗಿ, "ಸಕ್ಕರೆ ಎಷ್ಟು ಹಾಕ್ಲಿ, ಚೆಮಣ್ಣಾ?" ಎಂದು ಕೇಳಿದೆ.