ನಾದಿನಿ ಕೇಳಿದ ನಾಲ್ಕು ಕಡ್ಡಿ

ಮೇ 3, ಮಧ್ಯಾಹ್ನ

ಕೋಳಿಗೆ ಕಾಳು ಹಾಕಿದ್ದಾಯಿತು. ಕಿತ್ತಳೆ ಮರಕ್ಕೆ ಮೋಟರ್ ನೀರು ಬಿಟ್ಟೆ. ಬಟ್ಟೆ ಒಗೆದು ತಂತಿಗೆ ಹಾಕಿದೆ. ತಂತಿಯ ಒಂದು ತುದಿ ಮೋಟರ್ ಮನೆಗೆ, ಇನ್ನೊಂದು ಮರಕ್ಕೆ. ನನ್ನವಳು ಇದ್ದಾಗ ಇದಕ್ಕೆ ದಿನಾ ಜಗಳ. "ನನ್ನ ಮರದ ಸೊಂಟಕ್ಕೆ ಯಾಕೆ ಬಿಗೀತೀರಿ, ನಿಮ್ಮ ಸೊಂಟಕ್ಕೇ ಕಟ್ಕೊಂಡು ನಿಂತ್ಕೊಳ್ಳಿ."

ವಿಪರೀತ ಸೆಕೆ. ಮೋಡ ಕಟ್ಟುತ್ತಿದೆ. ಬಟ್ಟೆ ಒಣಗಿದರೆ ಸಾಕು.

ಮೇ 4

ನಿನ್ನೆ ಸಂಜೆ ಸಿಡಿಲು. ಕಿತ್ತಳೆ ಮರಕ್ಕೇ. ಬಾಗಿಲಲ್ಲಿ ನಿಂತಿದ್ದೆ — ಬೆಳಕು, ಸದ್ದು ಎರಡೂ ಒಟ್ಟಿಗೆ. ಆಮೇಲೆ ಸ್ವಲ್ಪ ಹೊತ್ತು ಕಿವಿಯೇ ಕೇಳಲಿಲ್ಲ. ತಂತಿ ಕರಗಿ ತುಂಡುತುಂಡು. ಮೋಟರ್ ಸುಟ್ಟಿದೆ. ಮರದ ನೆತ್ತಿಯಿಂದ ಕೆಳಗಿನವರೆಗೆ ತೊಗಟೆ ಸೀಳಿ ಬಿಳಿ ಪಟ್ಟೆ.

ಆದರೆ ಎಲೆ ಹಸಿರಾಗೇ ಇದೆ. ಹಸಿರಾಗೇ.

ಕೆಳಗಿನ ಹೊಲದವನ ಎರಡು ಹಸು ಹೋದವು. ಅವನೆದುರು ಮರದ ಮಾತು ಎತ್ತಲು ನಾಚಿಕೆ. ಎತ್ತಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೇ 6

ನಾದಿನಿ ಬಂದಿದ್ದಳು, ನನ್ನವಳ ತಂಗಿ. ಕೈಯಲ್ಲಿ ಚಾಕು, ಒದ್ದೆ ಬಟ್ಟೆ.

"ಭಾವ, ಎಲೆ ಬಾಡೋ ಮುಂಚೆ ನಾಲ್ಕು ಕಡ್ಡಿ ಕೊಯ್ಕೊಡಿ. ನನ್ನ ಹಿತ್ತಲ ನಿಂಬೆಗಿಡಕ್ಕೆ ಕಸಿ ಕಟ್ತೀನಿ. ಒಂದಾದ್ರೂ ಹಿಡಿಯುತ್ತೆ."

ನೋ ಸರ್ಜರಿ ಎಂದೆ. ಪೇಷಂಟ್ ಶಾಕ್‌ನಲ್ಲಿದೆ, ಕಂಪ್ಲೀಟ್ ರೆಸ್ಟ್ ಬೇಕು.

"ಡಾಕ್ಟರ್ ಸಾಹೇಬ್ರೇ, ನಿಮ್ಮ ಬಿ.ಎ.ನಲ್ಲಿ ಇದನ್ನೂ ಹೇಳ್ಕೊಟ್ರಾ?"

ನಾನು ನಗಲಿಲ್ಲ. ಅವಳೂ ನಗು ನಿಲ್ಲಿಸಿದಳು.

"ನಿಮಗೆ ಹೆಂಡತಿ ಮರ. ನನಗೆ ತವರಿನ ಮರ. ಅಲ್ಲಿಯದು ಯಾವತ್ತೋ ಹೋಯ್ತು. ಇನ್ನೆಲ್ಲೂ ಇಲ್ಲ, ಭಾವ."

ಗೊತ್ತು. ತವರಿನಿಂದ ನನ್ನವಳು ಕಡ್ಡಿ ತಂದು ಕಾಡುನಿಂಬೆಯ ಬುಡಕ್ಕೆ ಕಸಿ ಕಟ್ಟಿದ್ದು. ಮೊಣಕಾಲೆತ್ತರದಲ್ಲಿ ಆ ಗಂಟು ಈಗಲೂ ಇದೆ. ಕೆಳಗೆ ನಿಂಬೆ, ಮೇಲೆ ಅವಳ ಕಿತ್ತಳೆ — ಮುಳ್ಳಿಲ್ಲದ್ದು.

ಆಸ್ಪತ್ರೆಯಲ್ಲಿ ಅವಳನ್ನೂ ಕೊನೆಕೊನೆಗೆ ಚುಚ್ಚಿದ್ದೇ ಚುಚ್ಚಿದ್ದು, ಕೊಯ್ದದ್ದೇ ಕೊಯ್ದದ್ದು... ಇನ್ನು ಚಾಕು ಬೇಡ. ಯಾರಿಗೂ ಬೇಡ.

ನಾದಿನಿ ಚಾಕು ಮಡಚಿಕೊಂಡು ಹೋದಳು.

ಮೇ 9

ಮೋಟರ್ ಇಲ್ಲ, ಕೊಡದಲ್ಲೇ ನೀರು ಹೊರುತ್ತಿದ್ದೇನೆ. ಸೀಳಿಗೆ ಮಣ್ಣು ಮೆತ್ತಿ ಬಟ್ಟೆ ಸುತ್ತಿದೆ. ನನ್ನವಳದೇ ಹಳೆಯ... ಇರಲಿ. ಎಲೆ ಸ್ವಲ್ಪ ಮುದುಡಿದೆ. ಬಿಸಿಲಿಗಿರಬೇಕು. ಗ್ರಾಜುಯಲಿ ಸರಿಹೋಗುತ್ತದೆ.

ಮೇ 15

ಎಲೆಯೆಲ್ಲ ಕಂದು. ನಾನೇ ಚಾಕು ಹುಡುಕಿ ಒಂದು ಕಡ್ಡಿ ಕೊಯ್ದೆ. ಒಳಗೂ ಕಂದು. ಇನ್ನೊಂದು. ಮತ್ತೊಂದು.

ನಾದಿನಿಗೆ ಹೇಳಿಲ್ಲ.

ಜೂನ್ 11, ಬೆಳಿಗ್ಗೆ

ಚಿಗುರು. ಬುಡದ ಹತ್ತಿರ, ಕಿರುಬೆರಳಿನಷ್ಟು. ಚಪ್ಪಲಿಯನ್ನೂ ಮೆಟ್ಟದೆ ನಾದಿನಿ ಮನೆವರೆಗೆ ಓಡಿದೆ, ಈ ನೋಯುವ ಮಂಡಿ ಇಟ್ಟುಕೊಂಡು.

"ನೋಡು ಬಾ, ನಾನು ಹೇಳಿರ್ಲಿಲ್ವಾ? ರೆಸ್ಟ್ ಕೊಟ್ರೆ ಏಳುತ್ತೆ ಅಂತ." ದಾರಿಯುದ್ದಕ್ಕೂ ನನ್ನದೇ ಮಾತು.

ಕುಕ್ಕರಗಾಲಲ್ಲಿ ಕೂತು ನೋಡಿದಳು. ಚಿಗುರನ್ನಲ್ಲ, ಕಸಿಯ ಗಂಟನ್ನು. ಚಿಗುರು ಗಂಟಿನ ಕೆಳಗೆ.

ಮುಟ್ಟಿದೆ. ನಿಂಬೆಯ ಎಳೆಯ ಮುಳ್ಳು, ಆಗಲೇ ಚುಚ್ಚುವಷ್ಟು.

ಬೈಯುತ್ತಾಳೆ ಎಂದುಕೊಂಡೆ. ಬೈಯಬೇಕಿತ್ತು.

"ಚಪ್ಪಲಿ ಹಾಕ್ಕೊಂಡು ಬರಬಾರದಾ, ಭಾವ. ಕಾಲೆಲ್ಲ ಕೆಸರು." ಆಮೇಲೆ, ನನ್ನ ಮುಖ ನೋಡದೆ — "ಕಿತ್ತು ಹಾಕ್ಲಾ?"

ಬೇಡ ಎಂದೆ.

ಸಂಜೆ

ನೀರು ಹಾಕಿದೆ. ಇಷ್ಟು ವರ್ಷ ನನ್ನವಳನ್ನು ಹೊತ್ತು ನಿಂತಿದ್ದೂ ಅದೇ ಬುಡ ತಾನೆ. ಅದಕ್ಕೇನು ಗೊತ್ತು, ಮೇಲೆ ಈಗ ಯಾರೂ —