ದಿನಕ್ಕೆ ಎರಡು ಲಕ್ಷ

ರಸ್ತೆ ಕಚೇರಿ, ಮೂರನೇ ಮಹಡಿ
ಬುಧವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಜೈಲಿನ ಊಟ ಸೇರುತ್ತಿದೆಯಾ? ಬಲಗೈಯ ಹೊಲಿಗೆ ಬಿಚ್ಚಿದರಾ, ಕೀವುಗೀವು ಆಗಿಲ್ಲ ತಾನೆ? ಅಮ್ಮ ಚೆನ್ನಾಗಿದ್ದಾಳೆ. ನೀನು ಹೊಡೆದ ಆ ಗುತ್ತಿಗೆ ಕಂಪನಿ ಮ್ಯಾನೇಜರನ ದವಡೆಗೆ ತಂತಿ ಕಟ್ಟಿದ್ದಾರಂತೆ, ಹಾಲು ನೀರು ಬಿಟ್ಟರೆ ಏನೂ ಇಳಿಯುವುದಿಲ್ಲವಂತೆ ಎಂದರೆ, 'ಅಷ್ಟೇನಾ?' ಅಂದಳು. ನಮ್ಮ ಸಿಟ್ಟು ಯಾರ ಕಡೆಯಿಂದ ಬಂತು ಅಂತ ಇನ್ನು ಕೇಳಬೇಡ.

ಇಲ್ಲಿ ನಿನ್ನೆ ರಕ್ತ ಹರಿಯಿತು. ಗುಂಡಿಯಲ್ಲಿ ಮಣ್ಣು ಕುಸಿದು ಸತ್ತ ನಿನ್ನ ಇಬ್ಬರು ಆಳುಗಳಲ್ಲಿ ಚಿಕ್ಕವನ ಅಣ್ಣ, ಆ ಲಾರಿ ಡ್ರೈವರ್, ಕಚೇರಿಗೇ ನುಗ್ಗಿದ. ಕೈಯಲ್ಲಿ ಗುತ್ತಿಗೆ ಕರಾರಿನ ಜೆರಾಕ್ಸ್. 'ತಡವಾದ್ರೆ ದಿನಕ್ಕೆ ಎರಡು ಲಕ್ಷ ದಂಡ ಅಂತ ಬರ್ದೋರು ಯಾರು?' ಮೆಲ್ಲಗೇ ಕೇಳಿದ. ಹಾಳೆಯ ಕೆಳಗೆ ಹೆಡ್ ಕ್ಲರ್ಕ್ ರುಜು ಇತ್ತು. ಮುಂದಿನ ತಿಂಗಳು ನಿವೃತ್ತಿ ಅವರಿಗೆ, ಇರುವೆ ತುಳಿದರೂ ಅಯ್ಯೋ ಅನ್ನುವವರು. ಕಾಲರ್ ಹಿಡಿದು ಅವರ ಮುಖವನ್ನು ಮೇಜಿಗೆ ಜಜ್ಜಿದ. ಒಂದಲ್ಲ, ಮೂರು ಸಲ. ಒಂದು ಹಲ್ಲು ನನ್ನ ಕ್ಯಾಲ್ಕುಲೇಟರಿನ ಪಕ್ಕ ಬಂದು ಬಿತ್ತು. ಆಮೇಲೆ ಕಾವಲಿನವರು ಆ ಡ್ರೈವರನನ್ನು ನೆಲಕ್ಕೆ ಕೆಡವಿ ಬೂಟುಗಾಲಲ್ಲಿ ಒದ್ದರು, ಅವನ ಪಕ್ಕೆಲುಬು ಲಟಕ್ಕೆಂದದ್ದು ಕೇಳಿಸಿತು. ನಾನು ಕಪಾಟಿಗೆ ಬೆನ್ನು ಆನಿಸಿ ನಿಂತೇ ಇದ್ದೆ.

ಆ ದರದ ಕಥೆ ಕೇಳು, ನೀನು ಮೇಸ್ತ್ರಿ, ಬೇಗ ತಿಳಿಯುತ್ತದೆ. ಹೆದ್ದಾರಿ ಕೆಲಸ ಒಂದು ದಿನ ತಡವಾದರೆ ನಿಜವಾಗಿ ಏನು ನಷ್ಟ? ಬಳಸುದಾರಿಯಲ್ಲಿ ಜನ ಕಳೆಯುವ ಹೊತ್ತು, ಸುಡುವ ಡೀಸೆಲ್ಲು, ನಮ್ಮ ಮೇಲ್ವಿಚಾರಕರ ಒಂದು ದಿನದ ಸಂಬಳ. ಅಷ್ಟನ್ನೇ ಎಣಿಸಿ ದರ ಕಟ್ಟಬೇಕು. ಅದು ನಷ್ಟ ತುಂಬಿಕೊಳ್ಳುವುದಕ್ಕೆ, ಹೆದರಿಸುವುದಕ್ಕಲ್ಲ. ನಿಮ್ಮ ರಸ್ತೆಗೆ ನಲವತ್ತು ಸಾವಿರ ಸಾಕಿತ್ತು. ಆದರೆ ಇಲ್ಲಿ ಕೂತು ಎಣಿಸುವವರು ಯಾರು? ಹಿಂದಿನ ಫೈಲು ತೆಗೆ, ಅದರ ದರ ನಕಲು ಮಾಡಿಕೋ, ಮುಗಿಯಿತು. ಕೈಗೆ ಸಿಕ್ಕಿದ್ದು ದೊಡ್ಡ ಸೇತುವೆಯ ಫೈಲು, ಅದರ ಎರಡು ಲಕ್ಷ ನಿಮ್ಮ ತಲೆಗೆ ಬಿತ್ತು. ಹನ್ನೊಂದು ದಿನ ತಡವಾಗುವಷ್ಟರಲ್ಲಿ ಮ್ಯಾನೇಜರನ ಕುತ್ತಿಗೆಗೆ ಬಂತು, ಗುಂಡಿಗೆ ಹಲಗೆಯ ಆಸರೆ ಕೊಡದೆ ಆಳುಗಳನ್ನು ಇಳಿಸಿದ. ಹಾಗಂತ ಅವನೇನು ಪಾಪದವನಲ್ಲ. ನೀನು ಹೊಡೆದದ್ದು ಕಡಿಮೆಯೇ ಆಯಿತು. ನಾನಿದ್ದಿದ್ದರೆ ಗುದ್ದಲಿಯ ಕಾವು ಬಿಟ್ಟು ಅಲಗನ್ನೇ ತಿರುಗಿಸುತ್ತಿದ್ದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅಲ್ಲಿ ಯಾರ ಜೊತೆಗೂ ಕೈ ಮಾಡಬೇಡ ಮಾರಾಯ, ಹೊಟ್ಟೆ ತುಂಬ ಊಟ ಮಾಡು.

ಇಂತಿ ನಿನ್ನ ತಂಗಿ,
ಮೆಣಸಿನಕಾಯಿ

ವಿ.ಸೂ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಕೂತು ಎಣಿಸಬೇಕಾದವಳು ನಾನು. ಸೇತುವೆಯ ದರ ನಕಲು ಮಾಡಿದ್ದು ನಾನೇ, ಹೆಡ್ ಕ್ಲರ್ಕ್ ನನ್ನನ್ನು ನಂಬಿ ರುಜು ಹಾಕಿದರು. ಆಸ್ಪತ್ರೆಯಲ್ಲಿ ಮಲಗಿದ್ದರೂ ನನ್ನ ಹೆಸರು ಎತ್ತಿಲ್ಲ. ಸೋಮವಾರದ ವಿಚಾರಣೆಯಲ್ಲಿ ಒಪ್ಪಿಕೊಳ್ಳುತ್ತೇನೆ, ಕೆಲಸ ಹೋದರೆ ಹೋಗಲಿ. ನಿನಗೆ ಮಾತ್ರ ಬೇರೆಯವರಿಂದ ಗೊತ್ತಾಗಬಾರದು. ಹೋದ ಸಲ ನೀನು ಕಂಬಿಯಾಚೆ ನಿಂತು ಅಂದಿದ್ದೆ, 'ಆ ದರ ಬರ್ದೋನು ಕೈಗೆ ಸಿಗ್ಲಿ, ಒಂದೊಂದೇ ಬೆರಳು ಮುರೀತೀನಿ.' ನಾನು ಹೂಂ ಅಂದಿದ್ದೆ. ಭಾನುವಾರ ಭೇಟಿಗೆ ಬರುತ್ತೇನೆ. ನೀನು ಎದ್ದು ಬರದಿದ್ದರೂ ಗಂಟೆ ಹೊಡೆಯುವ ತನಕ ಕೂತಿರುತ್ತೇನೆ.