ಚಿಟ್ಟಿಯನ್ನು ಕರೆತಂದದ್ದು

ಕಡಿಯಪುಲಂಕ
ಜೂನ್ ೧೯, ೧೯೯೪

ಪ್ರೀತಿಯ ರತ್ನಂ,

ಅಂಗೈಯ ಬೊಬ್ಬೆ ಒಣಗಿತೇ? ಸೋಪಿನ ನೀರಿಗೆ ಕೈ ಹಾಕಬೇಡ ಎಂದರೆ, ಈ ಮನೆಯ ಪಾತ್ರೆ ನೀವು ಬಂದು ತೊಳೆಯುತ್ತೀರಾ ಎಂದು ನನ್ನ ಮೇಲೇ ರೇಗುತ್ತೀಯ. ಮಲಗುವಾಗ ಕೊಬ್ಬರಿ ಎಣ್ಣೆಯಾದರೂ ಹಚ್ಚಿಕೋ. ಕುವೈತಿನ ಆ ಮನೆಯವರು ನಿನಗೆ ರಜೆ ಕೊಟ್ಟರೆಂದು ಬರೆದಿದ್ದೀಯಲ್ಲ, ಆ ಕಾಗದ ಇನ್ನೂ ನನ್ನ ಅಂಗಿಯ ಜೇಬಿನಲ್ಲೇ ಇದೆ.

ನಾನು ಚೆನ್ನಾಗಿದ್ದೇನೆ. ನರ್ಸರಿಯ ಯಜಮಾನರು ಮಾತ್ರ ಮುಖ ಊದಿಸಿಕೊಂಡಿದ್ದಾರೆ. ಮಾವಿನ ಕಸಿಗಿಡಗಳ ಬೇರು ಚೀಲ ಸೀಳಿಕೊಂಡು ನೆಲಕ್ಕಿಳಿದಿತ್ತು. ಅಂಥವನ್ನು ಕಿತ್ತೆತ್ತಿದ ಮೇಲೆ ಹದಿನೈದು ದಿನ ತೆಂಗಿನ ಗರಿಯ ನೆರಳಿನಲ್ಲಿಡಬೇಕೆಂದು ನಿನಗೂ ಗೊತ್ತು. ನಾಗಪುರದ ಲಾರಿ ಬಂದು ನಿಂತಿತ್ತು. “ಏ ಸೂರಿಬಾಬು, ಗಿಡಕ್ಕೇನು ಬಾಣಂತನ ಮಾಡ್ತಿದೀಯೇನೋ? ಏರಿಸೋ!” ಎಂದು ಯಜಮಾನರು ಕೂಗಾಡಿದರು. ನಾನು ಏರಿಸಲಿಲ್ಲ. ದಾರಿಯಲ್ಲೇ ಬಾಡಿದರೆ ಬೈಸಿಕೊಳ್ಳುವವನು ನಾನೇ ತಾನೇ?

ನೀನು ಬರುವಷ್ಟರಲ್ಲಿ ನಮ್ಮ ಚಿಟ್ಟಿ ಮನೆಯಲ್ಲಿರಲಿ ಎಂದು ಬರೆದಿದ್ದೆಯಲ್ಲ, ಕಾಗದ ಬಂದ ಸಂಜೆಯೇ ಮಂಡಪೇಟೆಗೆ ಹೋಗಿ, ಸತ್ಯವತಿ ಅಕ್ಕನ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಬಂದೆ. ಬಸ್ಸಿನುದ್ದಕ್ಕೂ ಅತ್ತಳು. ಮನೆಯಲ್ಲಿ ತುತ್ತು ಅನ್ನ ಮುಟ್ಟಲಿಲ್ಲ, ನಾನು ಹತ್ತಿರ ಹೋದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಮೂರನೆಯ ದಿನ ಮೈ ಸುಡತೊಡಗಿತು. ಹೆದರಿ ವಾಪಸು ಕರೆದುಕೊಂಡು ಹೋದೆ. ಅಕ್ಕ ಅಂಗಳದಲ್ಲೇ ನನಗೆ ನೀರಿಳಿಸಿದಳು: “ಊರೋರ ಗಿಡಕ್ಕೆಲ್ಲ ನೆರಳು ಕಟ್ಟೋ ಮ್ಯಾನೇಜರು! ಹೆತ್ತ ಕೂಸನ್ನ ಕರ್ಕೊಂಡೋಗೋಕೆ ಒಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?” ಬೈಯುತ್ತಾ ಬೈಯುತ್ತಾ ಅವಳೂ ಅತ್ತುಬಿಟ್ಟಳು, ರತ್ನಂ. ಮಕ್ಕಳಿಲ್ಲದವಳು ಈ ಮೂರು ವರ್ಷ ಸಾಕಿದ್ದಾಳೆ. ಅವಳ ಮೇಲೂ ಸಿಟ್ಟು ಮಾಡಲಾರೆ, ನಿನಗೂ ಸಮಾಧಾನ ಹೇಳಲಾರೆ. ಜ್ವರ ಅಂದು ರಾತ್ರಿಯೇ ಇಳಿಯಿತು. ಈಗ ಅಲ್ಲೇ ಆಡಿಕೊಂಡಿದ್ದಾಳೆ, ಯೋಚನೆ ಮಾಡಬೇಡ.

ಗೋದಾವರಿಗೆ ಮಳೆಯ ಕೆಂಪು ನೀರು ಬರುವ ಹೊತ್ತಿಗೆ ನೀನೂ ಬರುತ್ತೀಯ. ಪುಲಸ ಮೀನು ತಂದುಕೊಡುತ್ತೇನೆ, ಹುಳಿ ನಿನ್ನ ಕೈಯದೇ ಆಗಬೇಕು. ದೇವರು ನಿನ್ನನ್ನು ಸುಖವಾಗಿ ಊರು ಮುಟ್ಟಿಸಲಿ.

ನಿನ್ನವನೇ ಆದ
ಸೂರಿಬಾಬು

ಒಂದು ಮಾತು ಮರೆತಿದ್ದೆ, ಅಂಚೆ ಎತ್ತುವ ಹೊತ್ತಾಯಿತು. ಮರೆತಿದ್ದೆ ಎಂಬುದು ಸುಳ್ಳು, ಮೇಲೆ ಬರೆಯಲು ಕೈ ಬರಲಿಲ್ಲ. ರೈಲಿಳಿದು ನೇರ ಅಕ್ಕನ ಮನೆಗೇ ಹೋಗೋಣ, ಕೆಲವು ದಿನ ಅಲ್ಲೇ ಇರು. ಚಿಟ್ಟಿ ಅಕ್ಕನನ್ನು ಅಮ್ಮ ಎನ್ನುತ್ತಾಳೆ. ನಿನ್ನ ಫೋಟೋ ತೋರಿಸಿದರೆ ‘ಕುವೈತ್ ಅತ್ತೆ’ ಎನ್ನುತ್ತಾಳೆ. ತಿದ್ದಬೇಡ. ಅತ್ತೆ ಎಂದು ಕರೆದರೆ, ನನ್ನಾಣೆ, ಅಳದೆ ಓಗೊಡು.